ಡೈಲಿ ಲೆನ್ಸಾ, ವರ್ಷದ ಲೆನ್ಸಾ? ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಆಪ್ಟೋಮೆಟ್ರಿಸ್ಟ್ (ಕಣ್ಣಿನ ಪವರ್ ನೋಡುವ ತಜ್ಞೆ) ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕ್ಯಾತ್ಸಂದ್ರದಿಂದ): ಮೇಡಂ, ನಮಸ್ಕಾರ. ನನಗೆ 26 ವರ್ಷ. ಎರಡೂ ಕಣ್ಣಿಗೆ ಮೈನಸ್ 6 ಇದೆ, ಎಡಗಣ್ಣಿಗೆ ಸಿಲಿಂಡರ್ ಪವರ್ 1.25 ಬೇರೆ. ದಿನಾ ರೈಲಿನಲ್ಲಿ ತುಮಕೂರಿಂದ ಬೆಂಗಳೂರಿಗೆ ಹೋಗಿ ಬರುತ್ತೇನೆ. ಆಫೀಸಿನಲ್ಲಿ ಇಡೀ ದಿನ ಎಸಿ, ಕಂಪ್ಯೂಟರ್. ಬೆಳಗ್ಗೆ ಮನೆ ಬಿಟ್ಟರೆ ವಾಪಸ್ ಬರುವಾಗ ಕತ್ತಲಾಗಿರುತ್ತೆ. ಕನ್ನಡಕದ ಅಂಗಡಿಯವರು ನನ್ನ ಚೀಟಿ ನೋಡಿ, "ವರ್ಷದ ಲೆನ್ಸ್ ತಗೊಳ್ಳಿ, ಒಂದೇ ಜೊತೆ ವರ್ಷವಿಡೀ ಬರುತ್ತೆ, ಅದೇ ಅಗ್ಗ" ಅಂದರು. ಗೆಳತಿ "ಆನ್‌ಲೈನ್‌ನಲ್ಲಿ ಡೈಲಿ ತರಿಸ್ಕೋ, ದಿನಾ ಹೊಸದು ಹಾಕಿ ಬಿಸಾಕೋದು" ಅಂತಾಳೆ. ಯಾವುದು ತಗೊಳ್ಳಲಿ?

ಉತ್ತರ: ನಮಸ್ಕಾರಮ್ಮ. ಸದ್ಯಕ್ಕೆ ಎರಡೂ ಬೇಡ. ಕನ್ನಡಕದ ಚೀಟಿ ನೋಡಿ ಲೆನ್ಸ್ ಕೊಡುವುದೇ ಸರಿಯಲ್ಲ. ಕನ್ನಡಕ ಕಣ್ಣಿಂದ ಸ್ವಲ್ಪ ದೂರ ಇರುತ್ತೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತೆ. ಹಾಗಾಗಿ 4ಕ್ಕಿಂತ ಜಾಸ್ತಿ ಪವರ್ ಇದ್ದವರಿಗೆ ಲೆಕ್ಕ ಬದಲಾಗುತ್ತೆ. ಕನ್ನಡಕದಲ್ಲಿ ಮೈನಸ್ 6 ಇದ್ದರೆ ಲೆನ್ಸ್‌ನಲ್ಲಿ ಸುಮಾರು 5.50 ಸಾಕು. ಅದೇ 6 ಹಾಕಿಕೊಂಡರೆ ಸಂಜೆ ಹೊತ್ತಿಗೆ ಕಣ್ಣು ಭಾರ, ತಲೆನೋವು. ಜನ ಮಾತ್ರ "ಲೆನ್ಸ್ ನನಗೆ ಆಗಿಬರಲ್ಲ" ಅಂತ ಪಕ್ಕಕ್ಕಿಡ್ತಾರೆ.

ಪವರ್ ಜೊತೆಗೆ ಅಳತೆಯೂ ಇದೆ. ಡಬ್ಬಿ ಮೇಲೆ ಬಿ.ಸಿ. (ಬೇಸ್ ಕರ್ವ್) ಅಂತ ಬರೆದು 8.4, 8.6 ಅಂತ ಇರುತ್ತಲ್ಲ, ಅದು ಲೆನ್ಸ್‌ನ ಬಾಗು. ಟ್ರಯಲ್ ಲೆನ್ಸ್ ಹಾಕಿ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಸ್ಲಿಟ್ ಲ್ಯಾಂಪ್ ಅನ್ನೋ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡ್ತೀವಿ. ಕಣ್ಣು ಮಿಟುಕಿಸಿದಾಗ ಲೆನ್ಸ್ ಚೂರೇ ಚೂರು ಜರುಗಬೇಕು. ಜರುಗದೆ ಅಂಟಿಕೊಂಡರೆ ಬಿಗಿ, ಅಡ್ಡಾದಿಡ್ಡಿ ಓಡಾಡಿದರೆ ಸಡಿಲ. ನಿಮ್ಮ ಎಡಗಣ್ಣಿಗೆ ಸಿಲಿಂಡರ್ ಪವರ್ ಇದೆ, ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲ; ಅದಕ್ಕೆ ಟೋರಿಕ್ ಲೆನ್ಸ್ ಬೇಕು. ಅದರ ಮೇಲೆ ಸಣ್ಣ ಗೆರೆ ಇರುತ್ತೆ. ಲೆನ್ಸ್ ತಿರುಗಿ ಆ ಗೆರೆ ಜಾಗ ಬಿಟ್ಟರೆ ಅಕ್ಷರ ಮಂಜಾಗುತ್ತೆ. ಇದನ್ನೆಲ್ಲ ಆನ್‌ಲೈನ್‌ನಲ್ಲಿ ಯಾರು ನೋಡ್ತಾರೆ? ಒಮ್ಮೆ ಅಳತೆ ಗೊತ್ತಾದ ಮೇಲೆ ಅದೇ ಲೆನ್ಸ್ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ, ಬೇಡ ಅನ್ನಲ್ಲ.

ಇನ್ನು ಬಗೆ. ಅಷ್ಟು ಹೊತ್ತು ಹಾಕುವವರು ಸಿಲಿಕೋನ್ ಹೈಡ್ರೋಜೆಲ್ ಅನ್ನೋ ವಸ್ತುವಿನ ಲೆನ್ಸನ್ನೇ ಕೇಳಿ ತಗೊಳ್ಳಿ. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಆಮ್ಲಜನಕ ಬರೋದು ಹೆಚ್ಚಾಗಿ ನೇರ ಗಾಳಿಯಿಂದಲೇ. ಹಳೇ ಹೈಡ್ರೋಜೆಲ್‌ಗಿಂತ ಇದು ಅದನ್ನು ತುಂಬಾ ಚೆನ್ನಾಗಿ ಒಳಗೆ ಬಿಡುತ್ತೆ. ವರ್ಷದ ಲೆನ್ಸ್ ನಾನಂತೂ ಬೇಡ ಅಂತೀನಿ. ಎಷ್ಟು ಉಜ್ಜಿದರೂ ಕಣ್ಣೀರಿನ ಪ್ರೋಟೀನ್ ಅದರ ಮೇಲೆ ಕೂರ್ತಾ ಹೋಗುತ್ತೆ.

ಡೈಲಿನಾ, ಮಂತ್ಲಿನಾ? ವಾರಪೂರ್ತಿ ಹಾಕುವುದಾದರೆ, ರಾತ್ರಿ ಸುಸ್ತಾಗಿ ಬಂದ ಮೇಲೂ ತೊಳೆದಿಡುವ ತಾಳ್ಮೆ ಇದ್ದರೆ, ಮಂತ್ಲಿ. ಇಲ್ಲ ಅಂದರೆ ಡೈಲಿ. ವಾರಕ್ಕೆ ಮೂರು ದಿನ ಮಾತ್ರ ಹಾಕುವವರಿಗೆ ಒಂದು ಕಣ್ಣಿನ 30ರ ಡಬ್ಬಿ 10 ವಾರ ಬರುತ್ತೆ, ಲೆನ್ಸ್ ತೊಳೆದಿಡುವ ಸಲ್ಯೂಷನ್ ಖರ್ಚೂ ಇಲ್ಲ. ಅಂಥವರಿಗೆ ಡೈಲಿ ಅಷ್ಟೇನೂ ದುಬಾರಿ ಆಗಲ್ಲ. ಮಂತ್ಲಿ ಅಂದರೆ 30 ಸಲ ಹಾಕುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಪ್ಯಾಕ್ ಒಡೆದ ದಿನದಿಂದ ತಿಂಗಳು, ಅಷ್ಟೇ. ಹಾಕದಿದ್ದ ದಿನಗಳೂ ಲೆಕ್ಕಕ್ಕೆ ಬರುತ್ತವೆ.

ಪ್ರಶ್ನೆ (ಅವರೇ): ಥ್ಯಾಂಕ್ಸ್ ಮೇಡಂ. ವಾಪಸ್ ಬರುವಾಗ ರೈಲಿನಲ್ಲಿ ನಿದ್ದೆ ಬಂದುಬಿಡುತ್ತೆ. ಅರ್ಧ ಗಂಟೆ ತಾನೇ, ಪರವಾಗಿಲ್ವಾ?

ಉತ್ತರ: ಹಾಗಾದರೆ ನಿಮಗೆ ಡೈಲಿಯೇ ಸರಿ, ಯೋಚನೆ ಬೇಡ. ಲೆನ್ಸ್ ಹಾಕಿಕೊಂಡೇ ಮಲಗುವ ಅಭ್ಯಾಸ ಇದ್ದವರಿಗೆ ಸೋಂಕಿನ ಅಪಾಯ ಹಲವು ಪಟ್ಟು ಜಾಸ್ತಿ. ಆಫೀಸಿನಲ್ಲೇ ಸೋಪಿನಿಂದ ಕೈ ತೊಳೆದು ಒರೆಸಿಕೊಂಡು ಲೆನ್ಸ್ ತೆಗೆದು ಕಸದ ಬುಟ್ಟಿಗೆ ಹಾಕಿ. ಕನ್ನಡಕ ಹಾಕಿಕೊಂಡು ರೈಲು ಹತ್ತಿ, ಬೇಕಾದರೆ ತುಮಕೂರಿನ ತನಕ ಮಲಗಿ.

ಪ್ರಶ್ನೆ (ಪಾವಗಡದಿಂದ): ನಾನು ಸೋಲಾರ್ ಪಾರ್ಕ್‌ನಲ್ಲಿ ಕೆಲಸ ಮಾಡ್ತೀನಿ. ಬಿಸಿಲು, ಗಾಳಿ, ಧೂಳು. ಲೆನ್ಸ್ ಹಾಕಬಹುದಾ? ಧೂಳು ಬಿದ್ದರೆ ಬಾಟಲಿ ನೀರಿನಲ್ಲಿ ತೊಳೆದರೆ ಸಾಕಾ?

ಉತ್ತರ: ಡ್ಯೂಟಿ ಹೊತ್ತಿನಲ್ಲಿ ಕನ್ನಡಕವೇ ಒಳ್ಳೇದು ಸರ್. ಹಾಕಲೇಬೇಕು ಅಂದರೆ ಡೈಲಿ, ಅದರ ಮೇಲೆ ಸುತ್ತ ಮುಚ್ಚುವ ಗಾಗಲ್ಸ್. ನೀರಿನ ಮಾತು ಮಾತ್ರ ಬೇಡವೇ ಬೇಡ. ಬೋರ್‌ವೆಲ್, ನಲ್ಲಿ, ಫಿಲ್ಟರ್, ಕುದಿಸಿ ಆರಿಸಿದ್ದು, ಯಾವುದೂ ಲೆನ್ಸ್‌ಗೆ ತಾಗಬಾರದು. ಎಂಜಲು ಹಚ್ಚಿ ಹಾಕಿಕೊಳ್ಳುವವರನ್ನೂ ನೋಡಿದ್ದೀನಿ! ನೀರಿನಲ್ಲಿ ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ ಇರಬಹುದು. ಅದು ಕಣ್ಣಿಗೆ ಹತ್ತಿದರೆ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತೆ, ದೃಷ್ಟಿಯೇ ಹೋಗಬಹುದು. ಸ್ನಾನಕ್ಕೆ, ಈಜಿಗೆ ಹೋಗುವಾಗಲೂ ಲೆನ್ಸ್ ತೆಗೆದಿಡಿ. ಡೈಲಿ ಲೆನ್ಸ್‌ಗೆ ಧೂಳು ಬಿತ್ತಾ, ಬಿಸಾಕಿ ಹೊಸದು ಹಾಕಿ.

ಪ್ರಶ್ನೆ (ತಿಪಟೂರಿನಿಂದ): ಮಗನಿಗೆ 17. ಆರಾರು ತಿಂಗಳಿಗೆ ಸಿಲಿಂಡರ್ ಪವರ್ ಏರ್ತಾ ಇದೆ. ಸದಾ ಕಣ್ಣು ಉಜ್ಜುತ್ತಾನೆ. ಅವನಿಗೆ ಯಾವ ಲೆನ್ಸ್ ಮೇಡಂ?

ಉತ್ತರ: ಅಕ್ಕ, ಲೆನ್ಸ್ ಆಮೇಲೆ. ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಕಾರ್ನಿಯಾ ಟೊಪೊಗ್ರಫಿ, ಅಂದರೆ ಕಣ್ಣಿನ ಮುಂದಿನ ಪೊರೆಯ ಆಕಾರದ ನಕ್ಷೆ, ಮಾಡಿಸಿ. ಸೌಲಭ್ಯ ಹತ್ತಿರ ಸಿಗದಿದ್ದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಹೋಗಿ. ನೀವು ಹೇಳಿದ್ದು ಕೇಳಿದರೆ ಕೆರಟೊಕೋನಸ್ ಇದೆಯಾ ಅಂತ ನೋಡಲೇಬೇಕು. ಅಂದರೆ ಕಣ್ಣಿನ ಮುಂದಿನ ಪೊರೆ ತೆಳುವಾಗಿ ಮುಂದಕ್ಕೆ ಚೂಪಾಗೋದು. ಇದ್ದರೆ ಮೆತ್ತನೆ ಲೆನ್ಸ್‌ನಲ್ಲಿ ದೃಷ್ಟಿ ಸರಿಹೋಗೋದು ಕಷ್ಟ, ಆರ್‌ಜಿಪಿ ಅನ್ನೋ ಗಟ್ಟಿ ಲೆನ್ಸ್ ಬೇಕಾಗಬಹುದು. ಮೊದಮೊದಲು ಚುಚ್ಚಿದ ಹಾಗಿರುತ್ತೆ, ಒಗ್ಗಲು ಒಂದೆರಡು ವಾರ ಬೇಕು. ಆದರೆ ಲೆನ್ಸ್ ಕಾಯಿಲೆ ಏರೋದನ್ನ ತಡೆಯಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಕಣ್ಣು ಉಜ್ಜೋದನ್ನ ಇವತ್ತೇ ಬಿಡಿಸಿ.

ಪ್ರಶ್ನೆ (ಗುಬ್ಬಿಯಿಂದ): 44 ವರ್ಷ, ಚಾಳೀಸು ಬಂದಿದೆ. ಓದೋದಕ್ಕೂ ಆಗೋ ಲೆನ್ಸ್ ಇದೆಯಾ?

ಉತ್ತರ: ಇದೆ, ಮಲ್ಟಿಫೋಕಲ್, ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್. ಎಲ್ಲರಿಗೂ ಒಗ್ಗಲ್ಲ, ಟ್ರಯಲ್ ನೋಡದೆ ಡಬ್ಬಿ ಕೊಳ್ಳಬೇಡಿ.

ಪ್ರಶ್ನೆ (ಶಿರಾದಿಂದ): ನಿನ್ನೆಯಿಂದ ಒಂದು ಕಣ್ಣು ಕೆಂಪು, ಬೆಳಕು ನೋಡೋಕಾಗಲ್ಲ. ಮಂತ್ಲಿ ಲೆನ್ಸ್ ಹಾಕ್ತೀನಿ. ಮನೇಲಿ ಹಳೇ ಡ್ರಾಪ್ಸ್ ಇದೆ, ಹಾಕಲಾ?

ಉತ್ತರ: ಹಾಕಬೇಡಿ. ಆ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಉಲ್ಬಣ ಆಗುತ್ತೆ. ಎರಡೂ ಲೆನ್ಸ್ ತೆಗೆಯಿರಿ, ಬಿಸಾಕಬೇಡಿ. ಲೆನ್ಸ್, ಅದನ್ನು ತೆಗೆದಿಡುವ ಡಬ್ಬಿ, ಸಲ್ಯೂಷನ್ ಬಾಟಲಿ ಎಲ್ಲ ಕವರಿಗೆ ಹಾಕಿಕೊಂಡು ಈಗಲೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಬೇಕಾದರೆ ಅವನ್ನೂ ಲ್ಯಾಬಿಗೆ ಕಳಿಸ್ತಾರೆ. ನಾಳೆಗೆ ಅಂತ ಬಿಡಬೇಡಿ.