ಹಳೇ ಜಿಪ್ಸಿಗೆ ಮನೇಲೇ ಲಿಫ್ಟ್ ಹಾಕ್ಬಹುದಾ? ಮೇಸ್ತ್ರಿ ಹತ್ರ ಕೇಳಿ

ಪ್ರಶ್ನೆ (ಶಿರಸಿ ಕಡೆ ಹಳ್ಳಿಯಿಂದ):
ನಮಸ್ಕಾರ ಮೇಸ್ತ್ರಿ. ನಂದು 1998ರ ಮಾರುತಿ ಜಿಪ್ಸಿ ಕಿಂಗ್. ಮನೆಯಿಂದ ತೋಟಕ್ಕೆ ಇಳಿಯೋ ರಸ್ತೆ ಮಳೆಗಾಲ ಮುಗಿಯೋದ್ರೊಳಗೆ ಎರಡೂ ಬದಿ ಕೊರೆದು ನಡುವೆ ದಿಬ್ಬ ಎದ್ದುಬಿಡ್ತದೆ, ಗಾಡಿ ಹೊಟ್ಟೆ ಕೆಳಗೆ ಗರ್ರ್ ಅಂತ ತಾಗ್ತದೆ. ಎರಡು ಇಂಚಿನ ಲಿಫ್ಟ್ ಕಿಟ್ (ಗಾಡಿ ಎತ್ತರ ಏರ್ಸೋ ಸಾಮಾನು) ನೋಡಿಟ್ಟಿದ್ದೇನೆ, ಉದ್ದ ಶ್ಯಾಕಲ್ (ಸ್ಪ್ರಿಂಗ್ ತುದಿನ ಚಾಸಿಸ್ಸಿಗೆ ಹಿಡಿಯೋ ಕೊಂಡಿ), ಒಂದೊಂದು ಎಕ್ಸ್‌ಟ್ರಾ ಲೀಫ್ (ಸ್ಪ್ರಿಂಗ್ ಪಟ್ಟಿ), ನಾಲ್ಕು ಶಾಕ್ ಅಬ್ಸಾರ್ಬರ್ ಬರ್ತದಂತೆ. ಜಾಕ್ ಇದೆ, ಪಾನಾ ಸೆಟ್ ಇದೆ, ತಮ್ಮನೂ ನಾನೂ ಸೇರಿ ಅಂಗಳದಲ್ಲೇ ಹಾಕೋಣ ಅಂತ. ಆಗ್ತದಾ?

ಉತ್ತರ (ಮೇಸ್ತ್ರಿ, ಕಾರವಾರ):
ಆಗದೇ ಎಂತ, ಆಗ್ತದೆ. ಆದ್ರೆ ದುಡ್ಡು ಕೊಡೋಕಿಂತ ಮೊದ್ಲು ಒಂದ್ಸಲ ಗಾಡಿ ಅಡಿಗೆ ಮಲಗಿ ಎಲ್ಲಿ ಉಜ್ಜಿದ ಗುರುತಿದೆ ನೋಡು ಮಾರಾಯ. ಗುರುತು ಡಿಫರೆನ್ಷಿಯಲ್ ಗುಂಡಿನ (ಆಕ್ಸಲ್ ನಡುವಿನ ಗೇರ್ ಗುಂಡು) ಮೇಲಿದ್ರೆ ಎರಡಲ್ಲ, ನಾಲ್ಕು ಇಂಚು ಲಿಫ್ಟ್ ಹಾಕಿದ್ರೂ ಅದು ಅಲ್ಲೇ ತಾಗ್ತದೆ, ಎಂತಕಂದ್ರೆ ಆಕ್ಸಲ್ ನಿಂತಿರೋದು ಟಯರ್ ಮೇಲೆ, ಲಿಫ್ಟ್ ಏಳ್ಸೋದು ಆಕ್ಸಲ್ ಮೇಲಿನ ಚಾಸಿಸ್ಸು ಬಾಡಿ ಮಾತ್ರ. ಗುಂಡು ಮೇಲೆ ಬರ್ಬೇಕಂದ್ರೆ ಟಯರೇ ದೊಡ್ಡದಾಗ್ಬೇಕು. ಕಿಂಗ್‌ನ 205/70 ಆರ್15 ಟಯರ್ ಸುಮಾರು 668 ಮಿ.ಮೀ. ಎತ್ತರ, 215/75 ಹಾಕಿದ್ರೆ 703ರ ಹತ್ರ ಬರ್ತದೆ, ಅದರಲ್ಲಿ ಅರ್ಧ, ಅಂದ್ರೆ ಸುಮಾರು 18 ಮಿ.ಮೀ. ಗುಂಡಿಗೆ ಸಿಗೋದು. ಜೊತೆಗೆ ಸ್ಪೀಡೋಮೀಟರ್ 60 ತೋರ್ಸುವಾಗ ಗಾಡಿ 63ರಲ್ಲಿ ಹೋಗ್ತಿರ್ತದೆ, ಅದು ಲೆಕ್ಕದಲ್ಲಿರ್ಲಿ.

ಗುರುತು ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲನ ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚೋ ಗೇರ್ ಪೆಟ್ಟಿಗೆ) ಕೆಳಗೋ ಸೈಲೆನ್ಸರ್ ಪೈಪಿಗೋ ಇದ್ರೆ ಲಿಫ್ಟ್‌ನಿಂದ ಉಪಯೋಗ ಉಂಟು. ಅದಕ್ಕೂ ಮೊದ್ಲು ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದು ಬರ್ಕೊಂಡು ಫೋಟೋ ಜೊತೆ ಇಲ್ಲಿ ಹಾಕು.

ಪ್ರಶ್ನೆ (ಅದೇ ಶಿರಸಿಯವರು):
ನೋಡ್ದೆ ಮೇಸ್ತ್ರಿ. ಗುರುತು ಟ್ರಾನ್ಸ್‌ಫರ್ ಕೇಸ್ ಅಡಿಗೇ ಇದೆ, ಗುಂಡು ಬಚಾವ್. ಡ್ರೈವರ್ ಸೈಡ್ ಎಡಗಡೆಗಿಂತ ಒಂದಿಂಚು ಕೆಳಗೆ ಕೂತಿದೆ, ಹಿಂದಿನ ಲೀಫ್ ಪೂರ್ತಿ ಚಪ್ಪಟೆ. ಫೋಟೋ ಹಾಕಿದ್ದೇನೆ.

ಉತ್ತರ:
ಫೋಟೋ ನೋಡಿದ್ರೇ ಗೊತ್ತಾಗ್ತದೆ, ನಿನ್ನ ಗಾಡಿಗೆ ಬೇಕಾಗಿರೋದು ಲಿಫ್ಟ್ ಅಲ್ಲ, ಪಾಟಾ, ಅಂದ್ರೆ ಲೀಫ್ ಸ್ಪ್ರಿಂಗ್ ಸೆಟ್. ಇಷ್ಟು ವರ್ಷ ದುಡಿದು ಸತ್ತಿರೋ ಲೀಫ್ ಮೇಲೆ ಹೊಸದೊಂದು ಲೀಫ್ ತುರುಕಿದ್ರೆ ಅದೊಂದೇ ಎಲ್ಲಾ ಭಾರ ಹೊರ್ಬೇಕು, ಗಾಡಿ ಎತ್ತಿನ ಗಾಡಿ ಆಗ್ತದೆ. ಬಗ್ಗಿಸಿ ಕೊಡ್ತಾರೆ ಅಂತ ಲಾರಿ ಪಾಟಾ ಅಂಗಡಿಗೆ ಹೋಗ್ಬೇಡ, ಕಾಯಿಸಿ ಹದ ಮಾಡದೇ ಬರೀ ಹೊಡೆದು ಬಗ್ಗಿಸಿದ್ದು ಬೇಗ ಮತ್ತೆ ಕೂತ್ಕೊಳ್ತದೆ. ಹೊಸ ಸೆಟ್ ತಗೋ, ಬುಷ್ (ಸ್ಪ್ರಿಂಗ್ ಕಣ್ಣಿನೊಳಗಿನ ರಬ್ಬರ್ ಕೊಳವೆ) ಸಮೇತ. ಅದು ಹಾಕಿದ್ರೇ ಕಳ್ದುಹೋದ ಎತ್ತರ ವಾಪಸ್ ಬರ್ತದೆ, ಆಮೇಲೂ ಬೇಕು ಅನ್ನಿಸಿದ್ರೆ ಸ್ವಲ್ಪ ಜಾಸ್ತಿ ಕಮಾನಿನ ಲೀಫ್ ಸೆಟ್ಟೇ ಸಿಗ್ತದೆ. ಉದ್ದ ಶ್ಯಾಕಲ್ ನಂಗೆ ಇಷ್ಟ ಇಲ್ಲ. ಎರಡು ಇಂಚು ಉದ್ದ ಮಾಡಿದ್ರೆ ಏಳೋದು ಒಂದೇ ಇಂಚು, ಅದ್ರ ಮೇಲೆ ಜಿಪ್ಸಿಗೆ ಮುಂದಿನ ಶ್ಯಾಕಲ್ ಲೀಫಿನ ಮುಂತುದಿಯಲ್ಲಿರೋದ್ರಿಂದ ಆ ತುದಿ ಕೆಳಗೆ ಹೋಗಿ ಇಡೀ ಆಕ್ಸಲ್ ಮುಂದಕ್ಕೆ ವಾಲ್ತದೆ, ಕ್ಯಾಸ್ಟರ್ (ಚಕ್ರ ತಿರುಗೋ ಕೀಲು ಹಿಂದಕ್ಕೆ ವಾಲಿರೋ ಕೋನ) ಕಮ್ಮಿ ಆಗ್ತದೆ, ತಿರುವಲ್ಲಿ ಸ್ಟೇರಿಂಗ್ ತಾನಾಗೇ ವಾಪಸ್ ಬರೋಲ್ಲ. ದೇವಿಮನೆ ಘಾಟಲ್ಲಿ ಹಾಗೆ ಅಲೆಯೋ ಸ್ಟೇರಿಂಗ್ ಹಿಡ್ಕೊಂಡು ಇಳಿಯೋದು ಯಾರಿಗ್ ಬೇಕು? ಲೀಫಿಗೂ ಆಕ್ಸಲ್ಲಿಗೂ ನಡುವೆ ಬೆಣೆ ಪ್ಲೇಟ್ ಹಾಕಿ ಸರಿ ಮಾಡ್ತಾರೆ, ದಪ್ಪ ಬದಿ ಮುಂದಕ್ಕೆ ಇಟ್ಟು, ಆದ್ರೆ ಕ್ಯಾಸ್ಟರ್ ಸರಿಹೋದಷ್ಟೂ ಪಿನಿಯನ್ ಮೂತಿ (ಶಾಫ್ಟ್ ಗುಂಡಿಗೆ ಸೇರೋ ಜಾಗ) ಕೆಳಗಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ (ಕೀಲಿಗೆ) ಕಷ್ಟ.

ಪ್ರಶ್ನೆ (ಅಂಕೋಲಾದಿಂದ):
ನಡುವೆ ಬಾಯಿ ಹಾಕ್ತೆ, ಕ್ಷಮಿಸಿ. ಕಡಲ ಬದಿ ಗಾಡಿ ನಂದು, ಶ್ಯಾಕಲ್ ಬೋಲ್ಟ್ ಎಂತ ಮಾಡಿದ್ರೂ ಬರ್ತಾ ಇಲ್ಲ. ಗ್ಯಾಸ್ ಹಚ್ಚಿ ಕೆಂಪು ಮಾಡಿ ತೆಗೀಬಹುದಾ?

ಉತ್ತರ:
ನಮ್ಮ ಕಾರವಾರದ ಗಾಡಿಗಳದ್ದೂ ಅದೇ ಗೋಳು. ಉಪ್ಪು ಗಾಳಿಗೆ ಬೋಲ್ಟೂ ಬುಷ್ ಒಳಗಿನ ಕಬ್ಬಿಣದ ಕೊಳವೆನೂ ತುಕ್ಕು ಹಿಡ್ದು ಒಂದಾಗಿಬಿಟ್ಟಿರ್ತದೆ, ನಟ್ಟು ಬಿಟ್ರೂ ಬೋಲ್ಟ್ ತಿರುಗುವಾಗ ರಬ್ಬರ್ ಸಮೇತ ತಿರುಗ್ತದೆ. ತುಕ್ಕು ಬಿಡಿಸೋ ಎಣ್ಣೆ ದಿನಾ ಸಂಜೆ ಹೊಡೀತಾ ಬಾ, ಎರಡ್ಮೂರು ದಿನ. ಆಗ್ಲೂ ಬರ್ಲಿಲ್ಲ ಅಂದ್ರೆ ಶ್ಯಾಕಲ್ ಪ್ಲೇಟಿಗೂ ಸ್ಪ್ರಿಂಗ್ ಕಣ್ಣಿಗೂ ನಡುವೆ ಬ್ಲೇಡ್ ತೂರ್ಸಿ ಬೋಲ್ಟ್ ಕತ್ತರಿಸಿ ಬಿಸಾಕು, ಹೇಗೂ ಹೊಸದು ಹಾಕೋದೇ ಅಲ್ವಾ. ಪೆಟ್ರೋಲ್ ಟ್ಯಾಂಕ್ ಹತ್ರ ಗ್ಯಾಸ್ ಬೇಡ, ಗ್ರೈಂಡರ್ ಕಿಡಿನೂ ಬೇಡ, ಅಲ್ಲಿ ಕೈಗರಗಸ. ಬೋಲ್ಟ್ ಬಂದ್ಮೇಲೆ ಚಾಸಿಸ್ಸಲ್ಲಿ ಸ್ಪ್ರಿಂಗ್ ಹಿಡಿಯೋ ಹ್ಯಾಂಗರ್‌ನ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡು. ಪದರ ಪದರ ಉದುರಿದ್ರೆ ಲಿಫ್ಟ್ ಮಾತು ಬಿಡು, ಮೊದ್ಲು ವೆಲ್ಡಿಂಗ್ ಕೆಲಸ.

ಪ್ರಶ್ನೆ (ಶಿರಸಿ):
ಸರಿ ಮೇಸ್ತ್ರಿ, ಹೊಸ ಲೀಫ್ ಸೆಟ್ಟೇ ಹೇಳ್ತೇನೆ, ಜಾಸ್ತಿ ಕಮಾನಿಂದು. ಬಿಚ್ಚುವಾಗ ಎಂತೆಂತ ನೋಡ್ಕೊಳ್ಬೇಕು? ಗಾಡಿ ನಿಲ್ಸೋಕೆ ಚಿರೇಕಲ್ಲು ಬೇಕಾದಷ್ಟಿದೆ.

ಉತ್ತರ:
ಚಿರೇಕಲ್ಲು ಖಂಡಿತ ಬೇಡ! ಭಾರ ಒಂದೇ ಮೂಲೆ ಮೇಲೆ ಬಿದ್ರೆ ಪುಡಿಯಾಗಿ ಕೂತುಬಿಡ್ತದೆ, ಅದ್ರಡಿಗೆ ನೀನಿರ್ತೀಯ. ಎರಡು ಒಳ್ಳೇ ಸ್ಟ್ಯಾಂಡ್ ಯಾರ ಹತ್ರಾದ್ರೂ ಇಸ್ಕೊಂಡು ಚಾಸಿಸ್ಸಿಗೆ ಕೊಡು, ಮಣ್ಣಿನ ಅಂಗಳ ಆದ್ರೆ ಅಡಿಗೆ ದಪ್ಪ ಮತ್ತಿ ಹಲಗೆ. ಗೇರಲ್ಲಿ ಇಟ್ಟಿದ್ದೇನೆ ಅಂತ ಧೈರ್ಯ ಬೇಡ, ಹಿಂದಿನ ಒಂದು ಚಕ್ರ ಗಾಳಿಲಿ ಇದ್ರೆ ಅದು ಸುಮ್ನೆ ತಿರುಗಿ ಗಾಡಿ ಉರುಳ್ತದೆ, ನೆಲದಲ್ಲಿರೋ ಚಕ್ರಕ್ಕೆ ಎರಡೂ ಬದಿ ಅಡ್ಡ ಇಡು. ಜಾಕ್ ಆಕ್ಸಲ್ ಕೆಳಗಿರ್ಲಿ, ಯೂ ಬೋಲ್ಟ್ (ಲೀಫನ್ನ ಆಕ್ಸಲ್ಲಿಗೆ ಬಿಗಿಯೋದು) ಬಿಚ್ಚಿದ್ಮೇಲೆ ನಿಧಾನ ಏರಿಳಿಸೋಕೆ ಅದೇ ಬೇಕು. ಒಂದ್ಸಲಕ್ಕೆ ಒಂದೇ ಬದಿ ಮಾಡು, ಎರಡೂ ಬಿಚ್ಚಿದ್ರೆ ಆಕ್ಸಲ್ ಉರುಳಿ ಬ್ರೇಕ್ ಪೈಪ್ ಎಳ್ಕೊಂಡ್ಹೋಗ್ತದೆ.

ಕೂರ್ಸುವಾಗ ಲೀಫುಗಳನ್ನ ಒಟ್ಟಿಗೆ ಹಿಡಿಯೋ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ತೂತಲ್ಲಿ ಪೂರ್ತಿ ಕೂತಿದ್ಯಾ ಬೆರಳಿಟ್ಟು ನೋಡು. ಹಳೇ ಯೂ ಬೋಲ್ಟ್ ವಾಪಸ್ ಹಾಕ್ಬೇಡ, ಒಮ್ಮೆ ಎಳೆದ ದಾರ ಅದು. ಇನ್ನೊಂದು, ಗ್ಯಾರೇಜಿನವ್ರೂ ಮರೆಯೋದು: ಸ್ಪ್ರಿಂಗ್ ಕಣ್ಣು, ಶ್ಯಾಕಲ್ಲಿನ ಬೋಲ್ಟು ಗಾಡಿ ತೂಗಾಡ್ತಿರುವಾಗ ಟೈಟ್ ಮಾಡ್ಬಾರ್ದು. ಆ ಸ್ಥಿತಿಲಿ ಬಿಗಿದ್ರೆ ಗಾಡಿ ಇಳಿದ ಕೂಡ್ಲೇ ಬುಷ್ ರಬ್ಬರ್ ತಿರುಚಿಕೊಂಡೇ ನಿಲ್ತದೆ, ಬೇಗ ಹರೀತದೆ. ಚಕ್ರ ಹಾಕಿ, ನೆಲಕ್ಕಿಳಿಸಿ, ಬಂಪರ್ ಮೇಲೆ ನಿಂತು ಕುಲುಕಿಸಿ, ಆಮೇಲೆ ಟೈಟು. ಟಾರ್ಕ್ (ಬಿಗಿಯೋ ಬಲ) ಸರ್ವಿಸ್ ಪುಸ್ತಕದಲ್ಲಿದ್ದಷ್ಟೇ. ನೂರು ಕಿಲೋಮೀಟರ್ ಓಡ್ಸಿ ಯೂ ಬೋಲ್ಟ್ ಮತ್ತೆ ನೋಡು.

ಚಾಸಿಸ್ ಸ್ಟ್ಯಾಂಡ್ ಮೇಲಿದ್ದು ಆಕ್ಸಲ್ ಪೂರ್ತಿ ಜೋತಾಡ್ತಿರುವಾಗ ಬ್ರೇಕಿನ ರಬ್ಬರ್ ಹೋಸ್ ಹಿಡಿದು ನೋಡು, ಎರಡೂ ಕಡೆ ಸ್ಟೇರಿಂಗ್ ತಿರುಗ್ಸಿ. ತಂತಿ ಹಾಗೆ ಬಿಗಿ ಬಂದ್ರೆ ಉದ್ದ ಹೋಸ್ ಬೇಕು. ಶಾಕ್ ಕೂಡ ಅಲ್ಲಿ ಪೂರ್ತಿ ಎಳ್ದು ನಿಂತಿರ್ಬಾರ್ದು. ಪ್ರೊಪೆಲ್ಲರ್ ಶಾಫ್ಟಿನ ಜಾರು ತುಂಡು ಎಷ್ಟು ಹೊರಗೆ ಬಂದಿದೆ ಅಂತಾನೂ ನೋಡ್ಕೋ. ಡ್ರಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸಿಂದ ಚಕ್ರದ ಕಡೆ ಹೋಗೋ ಸರಳು) ಓರೆ ಆಗೋದ್ರಿಂದ ಸ್ಟೇರಿಂಗ್ ಚಕ್ರ ಸೊಟ್ಟ ನಿಲ್ತದೆ, ಲಿಂಕಿನ ಲಾಕ್ ನಟ್ ಸಡ್ಲ ಮಾಡಿ ತಿರುಗ್ಸಿ ನೇರ ಮಾಡು, ಸ್ಟೇರಿಂಗ್ ಚಕ್ರನೇ ಕಿತ್ತು ಹಾಕಿ ನೇರ ಮಾಡೋ ಕಳ್ಳ ದಾರಿ ಬೇಡ.

ಪ್ರಶ್ನೆ (ಕುಮಟಾದಿಂದ):
ಆರ್‌ಟಿಒ ಏನಂತಾರೆ ಮೇಸ್ತ್ರಿ?

ಉತ್ತರ:
ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದ್ಲಾಯ್ಸಬಾರ್ದು, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಹದಿನೈದು ವರ್ಷ ದಾಟಿದ ಗಾಡಿ ಆರ್‌ಸಿ ರಿನ್ಯೂವಲ್‌ಗೆ ಐದೈದು ವರ್ಷಕ್ಕೆ ಇನ್‌ಸ್ಪೆಕ್ಟರ್ ಎದುರು ನಿಲ್ಲೋದೇ. ಮೂಲ ಅಳತೆಯ ಹೊಸ ಲೀಫ್ ಹಾಕಿದ್ರೆ ಅದು ರಿಪೇರಿ, ಯಾರೂ ಕೇಳೋಲ್ಲ. ಜಾಸ್ತಿ ಕಮಾನು, ದೊಡ್ಡ ಟಯರ್ ಅಂದ್ರೆ ರಿನ್ಯೂವಲ್ಲೂ ಇನ್ಶೂರೆನ್ಸ್ ಕ್ಲೇಮೂ ನಿನ್ನ ತಲೆ ಮೇಲೆ. ಶಿರಸಿ ತಮ್ಮಾ, ಅದ್ಕೇ ಹೇಳ್ತೆ, ಮೊದ್ಲು ಮೂಲ ಅಳತೆದ್ದೇ ಹಾಕಿ ತೋಟಕ್ಕೊಮ್ಮೆ ಇಳ್ಸಿ ನೋಡು. ಆ ನಡು ದಿಬ್ಬಕ್ಕೆ ಅರ್ಧ ದಿನ ಇಬ್ರು ಪಿಕಾಸಿ ಹಿಡಿದ್ರೂ ಆಗ್ತದೆ.