ಹೊಸ ರೂಪಾಂತರಿಯ ಸುದ್ದಿ: ನಿಜ ಎಷ್ಟು, ಉಪ್ಪು-ಖಾರ ಎಷ್ಟು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಕೊರೊನಾದ ಹೊಸ ರೂಪಾಂತರಿ ಪತ್ತೆ ಅಂತ ಆಗಾಗ ಸುದ್ದಿ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ‘ಅತಿ ಅಪಾಯಕಾರಿ’ ಅಂತಲೇ ಹೇಳುತ್ತಾರೆ. ಸ್ವಲ್ಪ ದಿನ ಕಳೆದರೆ ಅದರ ಸುಳಿವೇ ಇರಲ್ಲ. ಅಮ್ಮನಿಗೆ ಶುಗರ್ ಇದೆ, ಇಂಥ ಸುದ್ದಿ ನೋಡಿದ ದಿನ ನಿದ್ದೆ ಮಾಡುವುದಿಲ್ಲ. ನೀವು ವೈರಸ್ ಲ್ಯಾಬ್‌ನಲ್ಲೇ ಕೆಲಸ ಮಾಡುವವರು. ಇದನ್ನೆಲ್ಲ ಸುಮ್ನೆ ದೊಡ್ಡದು ಮಾಡುತ್ತಿದ್ದಾರಾ?

ಉತ್ತರ: ಸುದ್ದಿ ಮಾಡುವುದು ತಪ್ಪಲ್ಲ. ‘ಪತ್ತೆಯಾಗಿದೆ’ ಅನ್ನುವುದನ್ನು ತಲೆಬರಹದಲ್ಲಿ ‘ಅಪಾಯ ಬಂತು’ ಅಂತ ಮಾಡಿಬಿಡುತ್ತಾರಲ್ಲ, ಅದು ತಪ್ಪು. ವೈರಸ್ ಒಂದರಿಂದ ಇನ್ನೊಂದಾಗುವಾಗ ಅಲ್ಲಲ್ಲಿ ಬದಲಾವಣೆ ಆಗುತ್ತಲೇ ಇರುತ್ತದೆ. ಹಾಗೆ ಹುಟ್ಟಿದ ಹೊಸ ರೂಪಗಳಲ್ಲಿ ಹೆಚ್ಚಿನವು ತಾವಾಗಿಯೇ ಅಳಿದುಹೋಗುತ್ತವೆ. 2021ರಲ್ಲಿ ಲ್ಯಾಂಬ್ಡಾ, ಮ್ಯೂ ಅಂತ ಎರಡು ಬಂದಿದ್ದವು, ನೆನಪಿದೆಯಾ? ವಿಶ್ವ ಆರೋಗ್ಯ ಸಂಸ್ಥೆಯೇ ಅವಕ್ಕೆ ಹೆಸರಿಟ್ಟಿತ್ತು. ದಕ್ಷಿಣ ಅಮೆರಿಕದಲ್ಲಿ ಹರಡಿದರೂ ಡೆಲ್ಟಾ ಅನ್ನುವ ಇನ್ನೊಂದು ರೂಪಾಂತರಿಯ ಮುಂದೆ ನಿಲ್ಲಲಿಲ್ಲ.

ಇನ್ನು ‘ಇಷ್ಟೊಂದು ಮ್ಯುಟೇಶನ್!’ ಅನ್ನುವ ಮಾತು. 2023ರ ಆಗಸ್ಟ್‌ನಲ್ಲಿ ಬಿಎ.2.86 ಅನ್ನುವ ರೂಪಾಂತರಿ ಸಿಕ್ಕಾಗ ಅದರ ಸ್ಪೈಕ್ ಪ್ರೋಟೀನ್‌ನಲ್ಲಿ (ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳಲು ವೈರಸ್ ಬಳಸುವ ಮುಳ್ಳಿನಂಥ ಭಾಗ) 30ಕ್ಕೂ ಜಾಸ್ತಿ ಹೊಸ ಬದಲಾವಣೆ ಇದ್ದವು. ದೊಡ್ಡ ಸುದ್ದಿಯಾಯಿತು. ಆದರೆ ಹೆದರಿದಷ್ಟು ವೇಗವಾಗಿ ಅದು ಹರಡಲಿಲ್ಲ. ಆಮೇಲೆ ಅದರಿಂದಲೇ ಜೆಎನ್.1 ಹುಟ್ಟಿತು. ಸ್ಪೈಕ್‌ನಲ್ಲಿ ಜಾಸ್ತಿ ಇದ್ದದ್ದು ಒಂದೇ ಒಂದು ಬದಲಾವಣೆ. ಕೆಲವೇ ತಿಂಗಳಲ್ಲಿ ಜಗತ್ತಿನ ತುಂಬಾ ಅದೇ ಆಯಿತು! ಬದಲಾವಣೆ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಆಗಿದೆ, ಅದರಿಂದ ವೈರಸ್‌ಗೆ ಏನು ಲಾಭ ಅನ್ನುವುದನ್ನು ನೋಡಬೇಕು.

ಸುದ್ದಿ ಎಲ್ಲವೂ ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಒಮಿಕ್ರಾನ್ ಬಗ್ಗೆ ತಿಳಿಸಿತು. ಎರಡೇ ದಿನದಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ‘ಕಳವಳಕಾರಿ’ ಪಟ್ಟಿಗೆ ಸೇರಿತು. ಆ ಅವಸರ ಸರಿಯಾಗಿಯೇ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ ದೇಶಕ್ಕೆ ಸಿಕ್ಕಿದ್ದೇನು? ಹಲವು ದೇಶಗಳು ಅಲ್ಲಿಂದ ಬರುವ ವಿಮಾನಗಳನ್ನೇ ನಿಲ್ಲಿಸಿದವು. ನನಗೆ ಇವತ್ತಿಗೂ ಅದು ಬೇಸರದ ಸಂಗತಿ. ಹೀಗಾದರೆ ಮುಂದಿನ ಸಲ ಯಾರು ಬೇಗ ಬಾಯಿಬಿಡುತ್ತಾರೆ?

ಆಮೇಲೆ ಅದೇ ಒಮಿಕ್ರಾನ್‌ಗೆ ‘ಬರೀ ನೆಗಡಿ’ ಅಂತ ಬರೆದರು. ಹೆದರಿಸಿದ್ದಕ್ಕಿಂತ ಇದೇ ಜಾಸ್ತಿ ಕೆಡುಕು ಮಾಡಿತು ಅಂತ ನನ್ನ ಅಭಿಪ್ರಾಯ. ಡೆಲ್ಟಾಗಿಂತ ಸೌಮ್ಯ, ನಿಜ. ಆದರೆ ಸೋಂಕು ಅಷ್ಟು ಜನಕ್ಕೆ ತಗುಲಿದರೆ ಆಸ್ಪತ್ರೆ ತುಂಬಲೇಬೇಕಲ್ವಾ? 2022ರ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳದ ವಯಸ್ಸಾದವರು ಸಾವಿರಾರು ಮಂದಿ ತೀರಿಕೊಂಡರು.

ಮರುಪ್ರಶ್ನೆ: ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಹಾಗಾದರೆ ಸುದ್ದಿ ಓದುವಾಗ ಏನು ನೋಡಲಿ? ‘ಲಸಿಕೆಗೂ ಬಗ್ಗಲ್ಲ’ ಅಂತ ಬೇರೆ ಇರುತ್ತದೆ. ಅಮ್ಮನಿಗೆ ಏನು ಹೇಳಲಿ?

ಉತ್ತರ: ಮೊದಲು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಯಾವ ಪಟ್ಟಿಗೆ ಸೇರಿಸಿದೆ ಅಂತ ನೋಡಿ. ‘ನಿಗಾ’ ಪಟ್ಟಿಯಲ್ಲಿದ್ದರೆ ಲ್ಯಾಬ್‌ನವರು ಕಣ್ಣಿಟ್ಟಿದ್ದಾರೆ ಅಂತ, ಅಷ್ಟೇ. ‘ಕಳವಳಕಾರಿ’ ಅಂದರೆ ಮಾತ್ರ ಗಂಭೀರವಾಗಿ ತಗೊಳ್ಳಿ. ಕಾಯಿಲೆ ಜೋರಾಗಿದೆಯಾ ಅನ್ನುವುದು ಮೊದಲ ವಾರದಲ್ಲಿ ಯಾರಿಗೂ ಗೊತ್ತಾಗಲ್ಲ. ಸೋಂಕು ತಗುಲಿ ಆಸ್ಪತ್ರೆ ಸೇರುವಷ್ಟರಲ್ಲಿ ದಿನಗಳು ಹಿಡಿಯುತ್ತವೆ. ಹಾಗಾಗಿ ಆಗಲೇ ‘ಮಾರಣಾಂತಿಕ’ ಅಂತ ಬರೆದರೂ ನಂಬಬೇಡಿ, ‘ಏನೂ ಆಗಲ್ಲ’ ಅಂತ ಬರೆದರೂ ನಂಬಬೇಡಿ. ಲಸಿಕೆಯ ಸುದ್ದಿ ಹೆಚ್ಚಾಗಿ ಲ್ಯಾಬ್‌ನ ಆಂಟಿಬಾಡಿ (ವೈರಸ್ಸನ್ನು ತಡೆಯಲು ದೇಹ ತಯಾರಿಸುವ ಪ್ರೋಟೀನ್) ಪರೀಕ್ಷೆಯದ್ದು. ಆಂಟಿಬಾಡಿಯ ಕಣ್ತಪ್ಪಿಸಿದ ವೈರಸ್ಸನ್ನು ಟಿ-ಕೋಶಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಗುರುತಿಸಬಲ್ಲವು. ಅದಕ್ಕೇ ಸೋಂಕು ತಗುಲಿದರೂ ಕಾಯಿಲೆ ವಿಪರೀತಕ್ಕೆ ಹೋಗುವುದು ಕಡಿಮೆ.

ಅಮ್ಮನಿಗೆ ರೂಪಾಂತರಿಯ ಹೆಸರು ಬೇಕಿಲ್ಲ. ಇನ್ನೊಂದು ಡೋಸ್ ಬೇಕಾ ಅಂತ ಅವರನ್ನು ನೋಡುವ ಡಾಕ್ಟರ್ ಹತ್ತಿರ ಕೇಳಿ. ಶುಗರ್ ಹತೋಟಿಯಲ್ಲಿರಲಿ. ಜ್ವರ, ಕೆಮ್ಮು ಬಂದರೆ ಅವತ್ತೇ ಟೆಸ್ಟ್ ಮಾಡಿಸಿ. ಕೋವಿಡ್‌ಗೆ ಕೊಡುವ ಆಂಟಿವೈರಲ್ ಮಾತ್ರೆಗಳನ್ನು ಲಕ್ಷಣ ಶುರುವಾದ 5 ದಿನದೊಳಗೆ ಶುರು ಮಾಡಬೇಕು.