ನ್ಯೂ ಲೀಫ್: ನಾನು ಹೋಗುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತೆ, ಆಟದ ಗಡಿಯಾರ ಮುಂದೆ ಓಡ್ತಿದೆ

ನಿದ್ದೆಗೆಟ್ಟ ಮೇಯರ್:
ನಿಂಟೆಂಡೊ 3ಡಿಎಸ್ ಕನ್ಸೋಲ್‌ನಲ್ಲಿ ಆನಿಮಲ್ ಕ್ರಾಸಿಂಗ್: ನ್ಯೂ ಲೀಫ್ ಆಡುತ್ತೇನೆ. ನಾವೇ ಮೇಯರ್ ಆಗಿ ಊರು ನೋಡಿಕೊಳ್ಳುವ ಆಟ, ಹೊತ್ತು ನಿಜವಾದ ಗಡಿಯಾರದಂತೆಯೇ ಸಾಗುತ್ತೆ. ಈ ಭಾನುವಾರದಿಂದ ಒಂದು ವಿಚಿತ್ರ ಕಾಟ. ಕೆಲಸ ಮುಗಿಸಿ ರಾತ್ರಿ ಎಂಟೂವರೆಗೆ ಆಟ ತೆರೆದರೆ ಊರೆಲ್ಲ ಕತ್ತಲು, ನಮ್ಮ ಸಾಮಾನು ಕೊಳ್ಳುವ ರೀ-ಟೇಲ್ ಅಂಗಡಿ ಬಾಗಿಲು ಹಾಕಿದೆ, ಊರಿನವಳಾದ ಗೋಲ್ಡಿ ಮನೆಯಲ್ಲಿ ದೀಪವೂ ಇಲ್ಲ. ಕೆಳಗಿನ ಪರದೆಯಲ್ಲಿ ನೋಡಿದರೆ 11:30! ಕನ್ಸೋಲ್‌ನ ಹೋಮ್ ಪರದೆಯಲ್ಲಿ ಮಾತ್ರ ಸರಿಯಾಗಿ 8:30 ಅಂತಲೇ ಇದೆ. ಒಂಬತ್ತಕ್ಕೆಲ್ಲ ಆಟದಲ್ಲಿ ತಾರೀಖೇ ಬದಲಾಗಿಬಿಡುತ್ತದೆ.

ಬ್ಯಾಟರಿ ತೆಗೆದು ಹಾಕಿದೆ, ಕಾರ್ಟ್ರಿಡ್ಜ್ ಒರೆಸಿ ಹಾಕಿದೆ, ಏನೂ ಆಗಲಿಲ್ಲ. ನಾನು ಗಡಿಯಾರ ಮುಟ್ಟೇ ಇಲ್ಲ, ಆಣೆ.

ತಲೆಬಿಸಿ ಯಾಕೆಂದರೆ ಜೇಬಿನಲ್ಲಿ 1200 ಟರ್ನಿಪ್ ಇದೆ, ಭಾನುವಾರ ಕೊಂಡು ಮುಂದಿನ ಭಾನುವಾರದೊಳಗೆ ಒಳ್ಳೇ ಬೆಲೆ ನೋಡಿ ರೀ-ಟೇಲ್ ಅಂಗಡಿಗೆ ಮಾರಬೇಕಾದ ಗೆಡ್ಡೆ. ನೂರರ ಹನ್ನೆರಡು ಕಟ್ಟು, ಆಟದ ಹಣದಲ್ಲಿ ಒಂದಕ್ಕೆ 98 ಬೆಲ್ಸ್‌ನಂತೆ ತಗೊಂಡಿದ್ದು. ಇವತ್ತು ಬುಧವಾರ. ಮಾರೋಣ ಅಂದರೆ ಅಂಗಡಿಯೇ ಸಿಗುತ್ತಿಲ್ಲ.

ಕೆರೆ ದಂಡೆ:
ಯಾವುದಾದರೂ ಆರ್ಡಿನೆನ್ಸ್, ಅಂದರೆ ಮೇಯರ್ ಊರಿಗೆ ತರುವ ನಿಯಮ, ಹಾಕಿದ್ದೀರಾ? ಬೆಳಗ್ಗೆ ಬೇಗ ಏಳುವ ಊರು ಅಂತ ಮಾಡಿದರೆ ಅಂಗಡಿ ಹೊತ್ತು ಬದಲಾಗುತ್ತೆ.

ನಿದ್ದೆಗೆಟ್ಟ ಮೇಯರ್:
ಇಲ್ಲ, ಯಾವುದೂ ಇಲ್ಲ. ಮತ್ತೆ ಬದಲಾಗಿರೋದು ಅಂಗಡಿ ಹೊತ್ತಲ್ಲ, ಗಡಿಯಾರವೇ.

ಗುಂಡುಸೂಜಿ:
ಸಿಂಪಲ್. ಕನ್ಸೋಲ್ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್ 3 ಗಂಟೆ ಹಿಂದಕ್ಕೆ ಇಡಿ. ಮುಗೀತು.

ಹಳೇ ಕಾರ್ಟ್ರಿಡ್ಜ್:
ಅಯ್ಯೋ, ಹಾಗೆ ಮಾಡಬೇಡಿ ಮಾರಾಯ್ರೇ! ಟರ್ನಿಪ್ ಜೇಬಲ್ಲಿಟ್ಟುಕೊಂಡು ಟೈಮ್ ಹಿಂದಕ್ಕೆ ಹೋದರೆ ಹನ್ನೆರಡೂ ಕಟ್ಟು ಕೊಳೆತು ಇರುವೆ ಮುತ್ತುತ್ತದೆ. ಹಿಂದಕ್ಕೆ ಹೋಗೋದು ಕನ್ಸೋಲ್‌ನಿಂದಾದರೂ ಅಷ್ಟೇ, ಆಟದೊಳಗಿಂದಾದರೂ ಅಷ್ಟೇ. ಅದೂ ಅಲ್ಲದೆ ಕನ್ಸೋಲ್ ಟೈಮ್ ತಪ್ಪಾಗಿಟ್ಟರೆ ಬೇರೆ ಆಟಗಳ ಲೆಕ್ಕವೂ ಕೆಡುತ್ತದೆ.

ಮೇಯರ್ ಅವರೇ, ನಿಮ್ಮ ಕಾರ್ಟ್ರಿಡ್ಜ್ ಕೆಟ್ಟಿಲ್ಲ, ಬ್ಯಾಟರಿಯೂ ಕೆಟ್ಟಿಲ್ಲ. ಈ ಆಟಕ್ಕೆ ಪೂರ್ತಿ ಸ್ವಂತ ಗಡಿಯಾರ ಅಂತ ಇಲ್ಲ. ಕನ್ಸೋಲ್ ಟೈಮ್ ನೋಡಿಕೊಂಡು, ಅದಕ್ಕೆ ಇಷ್ಟು ಕೂಡಿಸಬೇಕು ಅಥವಾ ಕಳೆಯಬೇಕು ಅನ್ನೋ ಒಂದು ಅಂತರವನ್ನು ಮಾತ್ರ ಸೇವ್‌ನಲ್ಲಿ ಇಟ್ಟುಕೊಂಡಿರುತ್ತದೆ. ಆಟದೊಳಗೆ ಯಾರಾದರೂ ಒಮ್ಮೆ ಟೈಮ್ ಬದಲಿಸಿದರೆ ಆ ಅಂತರ ಹಾಗೇ ಉಳಿಯುತ್ತದೆ, ಬ್ಯಾಟರಿ ತೆಗೆದರೆ ಹೋಗಲ್ಲ. ನಿಮ್ಮದು ಸರಿಯಾಗಿ ಮೂರೇ ಗಂಟೆ ಮುಂದೆ ಇದೆಯಲ್ವಾ? ಗಡಿಯಾರ ಕೆಟ್ಟಿದ್ದರೆ ಇಷ್ಟು ಲೆಕ್ಕ ಹಾಕಿದ ಹಾಗೆ ಕೆಡುತ್ತಿರಲಿಲ್ಲ. ಯಾರೋ ಕೈಯಾರೆ ಇಟ್ಟಿದ್ದಾರೆ. ಒಂದೇ ಊರಲ್ಲಿ ನಾಲ್ಕು ಜನ ಆಡಬಹುದು ಅನ್ನೋದು ನೆನಪಿರಲಿ. ನಿಮ್ಮ ಊರಲ್ಲಿ ಇನ್ಯಾರ ಮನೆ ಇದೆ?

ನಿದ್ದೆಗೆಟ್ಟ ಮೇಯರ್:
ತಂಗಿದು ಇದೆ. ಕೇಳಿ ಬರ್ತೀನಿ ಇರಿ.

ನಿದ್ದೆಗೆಟ್ಟ ಮೇಯರ್:
ಸಿಕ್ಕಿಬಿದ್ದಳು. ಶನಿವಾರ ರಾತ್ರಿ ಕ್ಲಬ್‌ನಲ್ಲಿ ಕೆ.ಕೆ. ಸ್ಲೈಡರ್ ಗಿಟಾರ್ ಹಿಡಿದು ಹಾಡ್ತಾನಲ್ಲ, ಅಷ್ಟು ಹೊತ್ತು ಎಚ್ಚರ ಇರೋಕೆ ಅವಳಿಗೆ ಆಗಲ್ಲ. ಅದಕ್ಕೆ ಸಂಜೆ ಐದೂವರೆಗೇ ಗಡಿಯಾರ ಎಂಟೂವರೆ ಮಾಡಿ, ಹಾಡು ಕೇಳಿ, ಸೇವ್ ಮಾಡಿ ಮಲಗಿದ್ದಾಳೆ. ವಾಪಸ್ ಇಡೋದು ಮರೆತೆ ಅಂತಾಳೆ. ಭಾನುವಾರ ಏಳಕ್ಕೆ ಹೋಗಿ ಟರ್ನಿಪ್ ತಗೊಂಡವನು, ಇನ್ನಷ್ಟು ತರೋಣ ಅಂತ ಒಂಬತ್ತರ ಮೇಲೆ ಹೋದರೆ ಟರ್ನಿಪ್ ಮಾರುವ ಜೋನ್ ಅಜ್ಜಿ ನಾಪತ್ತೆ. ಈಗ ಅರ್ಥ ಆಯ್ತು, ಅವಳು ಇರೋದೇ ಮಧ್ಯಾಹ್ನ ಹನ್ನೆರಡರವರೆಗೆ.

ಆದರೆ ಟೈಮ್ ಸರಿ ಮಾಡಿದರೆ ಟರ್ನಿಪ್ ಹೋಗುತ್ತೆ, ಮಾಡದಿದ್ದರೆ ಮಾರೋಕಾಗಲ್ಲ. ಈಗ?

ಕೆರೆ ದಂಡೆ:
ನೈಟ್ ಔಲ್ ಆರ್ಡಿನೆನ್ಸ್ ಹಾಕಿ. ಮೇಯರ್ ಸಹಾಯಕಿ ಇಸಬೆಲ್‌ಗೆ 20,000 ಬೆಲ್ಸ್ ಕೊಟ್ಟರೆ ಅಂಗಡಿಗಳು 3 ಗಂಟೆ ತಡವಾಗಿ ಮುಚ್ಚುತ್ತವೆ. ರೀ-ಟೇಲ್ ರಾತ್ರಿ 11ರ ಬದಲು 2ರವರೆಗೆ ಇರುತ್ತೆ, ಅಂದರೆ ನಿಮ್ಮ ನಿಜವಾದ ಟೈಮ್ 11. ಗಡಿಯಾರ ಮುಟ್ಟೋದೇ ಬೇಡ. ಮಾರನೇ ದಿನದಿಂದ ಜಾರಿ.

ಹಳೇ ಕಾರ್ಟ್ರಿಡ್ಜ್:
ಒಳ್ಳೇ ಉಪಾಯ, ರಾತ್ರಿ ಆಡೋರಿಗೆ ಹೇಗಿದ್ದರೂ ಅದು ಬೇಕು. ಆದರೆ ಒಂದು ಸಲ ಟರ್ನಿಪ್ ಮಾರೋಕೆ ಇಪ್ಪತ್ತು ಸಾವಿರ ಯಾಕೆ? ರೀ-ಟೇಲ್ ತೆಗೆಯೋದು ಬೆಳಗ್ಗೆ 9ಕ್ಕೆ. ನಿಮ್ಮ ಗಡಿಯಾರ 3 ಗಂಟೆ ಮುಂದಿದೆ. ಅಂದರೆ ನಿಮ್ಮ ಮನೆಯಲ್ಲಿ 6 ಆದರೆ ಅಲ್ಲಿ ಬಾಗಿಲು ತೆರೆದಿರುತ್ತೆ! ಕೆಲಸಕ್ಕೆ ಹೊರಡೋ ಮುಂಚೆ ಐದು ನಿಮಿಷ ಸಾಕು. ಬೆಲೆ ದಿನಕ್ಕೆ ಎರಡು ಸಲ ಬದಲಾಗುತ್ತೆ, ಮಧ್ಯಾಹ್ನ ಹನ್ನೆರಡಕ್ಕೆ ಎರಡನೆಯದು. ಅದು ನಿಮಗೆ ಬೆಳಗ್ಗೆ 9. ಮಾರುವವರೆಗೆ ಗಡಿಯಾರದ ತಂಟೆಗೆ ಹೋಗಬೇಡಿ.

ಜೇಬು ಖಾಲಿ ಆದಮೇಲೆ, ಆಟ ಶುರುವಾಗುವಾಗ ಇಸಬೆಲ್ ಮಾತಾಡಿಸುತ್ತಾಳಲ್ಲ, ಅಲ್ಲಿ ನೇರ ಊರೊಳಗೆ ಹೋಗದೆ ದಿನಾಂಕ, ಸಮಯ ಬದಲಿಸುವ ಆಯ್ಕೆ ತಗೊಂಡು ಕನ್ಸೋಲ್ ಟೈಮ್‌ಗೆ ಹೊಂದಿಸಿ. ತಾರೀಖನ್ನೂ ನೋಡಿ, ಸುಮ್ನೆ ಗಂಟೆ ಮಾತ್ರ ತಿದ್ದಿ ದಿನ ಮರೆಯಬೇಡಿ. ನಾನೊಮ್ಮೆ ಅವಸರದಲ್ಲಿ ತಿಂಗಳು ತಪ್ಪು ಒತ್ತಿ ಒಳಗೆ ಹೋದೆ. ಕಾಲಿಟ್ಟಲ್ಲೆಲ್ಲ ಕಳೆ, ಮನೆ ಬಾಗಿಲು ತೆಗೆದರೆ ಜಿರಳೆ, ಕನ್ನಡಿಯಲ್ಲಿ ಕೆದರಿದ ತಲೆ. ಜತೆಗೆ ಒಬ್ಬರು ಊರು ಬಿಟ್ಟು ಹೋಗಿದ್ದರು, ಅವರ ಮನೆ ಇದ್ದ ಜಾಗ ಬಟಾಬಯಲು. ಹಿಂದಕ್ಕೆ ಬಂದರೂ ಅವರು ಬರಲಿಲ್ಲ. ಅದೊಂದು ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಗುಂಡುಸೂಜಿ:
ಸಾರಿ ಗುರು, ಟರ್ನಿಪ್ ವಿಷಯ ಓದದೆ ಬರೆದುಬಿಟ್ಟೆ.

ನಿದ್ದೆಗೆಟ್ಟ ಮೇಯರ್:
ಗುರುವಾರ ಬೆಳಗ್ಗೆ 6:20. ಹಲ್ಲು ಕೂಡ ಉಜ್ಜಿಲ್ಲ. ರೀ-ಟೇಲ್ ನಡೆಸುವ ರೀಸ್ ಬಾಗಿಲು ತೆರೆದು ನಿಂತಿದ್ದಳು. ನಿನ್ನೆ ಬೆಳಗ್ಗೆ ಹೋಗಿದ್ದ ತಂಗಿ 61 ಅಂತ ಹೇಳಿದ್ದಳು, ಹಾಗಾಗಿ ಹೆದರಿಕೊಂಡೇ ಕೇಳಿದೆ. 134! ಹನ್ನೆರಡು ಕಟ್ಟೂ ಸುರಿದೆ, 1,60,800 ಬೆಲ್ಸ್. ಕಾಯ್ದರೆ ಇನ್ನೂ ಜಾಸ್ತಿ ಆಗುತ್ತಿತ್ತೇನೋ, ಆದರೆ ನನಗೆ ಇನ್ನೊಂದು ದಿನ ಆರಕ್ಕೆ ಏಳುವ ಶಕ್ತಿ ಇರಲಿಲ್ಲ. ಸೇವ್ ಮಾಡಿ, ಮತ್ತೆ ತೆರೆದು, ಇಸಬೆಲ್ ಹತ್ತಿರ ಟೈಮ್ ಸರಿ ಮಾಡಿದೆ. ಈಗ ಎರಡೂ ಗಡಿಯಾರ ಒಂದೇ ತೋರಿಸ್ತಿವೆ. ಬಹಳ ಥ್ಯಾಂಕ್ಸ್.

ತಂಗಿ ಮಾತ್ರ ಮುಖ ಊದಿಸಿಕೊಂಡಿದ್ದಾಳೆ. ಈ ಶನಿವಾರದ ಹಾಡು ಹೋಯ್ತು ಅಂತ.

ಹಳೇ ಕಾರ್ಟ್ರಿಡ್ಜ್:
ಹೋಗಲ್ಲ ಬಿಡಿ. ಭಾನುವಾರ ಬಂದರೆ ಟರ್ನಿಪ್ ಹೇಗಿದ್ದರೂ ಕೊಳೆಯುತ್ತೆ, ಹಾಗಾಗಿ ಶನಿವಾರ ಸಂಜೆಗೆ ನಿಮ್ಮ ಜೇಬಲ್ಲಿ ಒಂದೂ ಇರಬಾರದು. ನೀವು ಮಾರಿದ ಮೇಲೆ ಅವಳು ಮುಂದಕ್ಕೆ ಇಟ್ಟುಕೊಂಡು ಹಾಡು ಕೇಳಲಿ, ಮಲಗುವ ಮುಂಚೆ ವಾಪಸ್ ಇಡಲಿ.

ನಿದ್ದೆಗೆಟ್ಟ ಮೇಯರ್:
ಓದಿ ಹೇಳಿದೆ. "ವಾಪಸ್ ನೀನೇ ಇಡು" ಅಂದಳು.